ಒಂದೇ ಕ್ಲಬ್ಬಿನ ಮನುಷ್ಯ

ನಿಯತ್ತನ್ನು ಮೆಚ್ಚಿಕೊಳ್ಳುವುದು ಬಹಳ ಸುಲಭ, ಅದು ಇನ್ನೊಬ್ಬರದ್ದಾಗಿದ್ದರೆ. ನಾನು ಹ್ಯೂಸ್ಟನ್ನಿನಲ್ಲಿ ಎರಡು ಕಂಪನಿ ಬದಲಿಸಿ, ಮೂರನೆಯದಕ್ಕಾಗಿ ಡಲ್ಲಾಸ್ ಕಡೆಯ ಲೂಯಿಸ್‌ವಿಲ್‌ಗೆ ಬಂದವನು. ಆದರೂ ನನ್ನ ಆರಾಧ್ಯದೈವ ಇಂಗ್ಲೆಂಡಿನ ಒಬ್ಬ ಫುಟ್‌ಬಾಲ್ ಡಿಫೆಂಡರ್. ಮೀಸೆ ಮೂಡುವ ಮೊದಲು ಸೇರಿದ ಕ್ಲಬ್ಬಿನಲ್ಲೇ ತಲೆಗೂದಲು ಉದುರುವವರೆಗೂ ಆಡಿದವನು. ಅವನು ಹೊಡೆದ ಗೋಲುಗಳೇ ಕಡಿಮೆ, ಅದರಲ್ಲೂ ಒಂದೆರಡು ತನ್ನದೇ ತಂಡದ ಗೋಲುಪೆಟ್ಟಿಗೆಗೆ ಹೋದವು. ಮೂಗು ಮುರಿಸಿಕೊಂಡ, ಹಲ್ಲು ಕಳೆದುಕೊಂಡ. ತಂಡ ಕೆಳಗಿನ ದರ್ಜೆಗೆ ಜಾರಿದಾಗ ಮಿಕ್ಕವರೆಲ್ಲ ಗಂಟುಮೂಟೆ ಕಟ್ಟಿದರೂ ಇವನು ಮಾತ್ರ ಕದಲಲಿಲ್ಲ. ಆ ಊರು ಯಾವ ದಿಕ್ಕಿಗಿದೆಯೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಆದರೂ ನಾನು ಅದನ್ನು ‘ನಮ್ಮ ತಂಡ’ ಎಂದೇ ಕರೆಯುತ್ತೇನೆ.

ಅವನ ಕೊನೆಯ ಪಂದ್ಯ ಮೇ ತಿಂಗಳ ಒಂದು ಭಾನುವಾರ. ಅಲ್ಲಿಯ ಮಧ್ಯಾಹ್ನ ನಮಗೆ ತಿಂಡಿಯ ಹೊತ್ತು. ಧಾರವಾಡದಿಂದ ಬಂದಿದ್ದ ಅತ್ತೆಯವರು ಉಪ್ಪಿಟ್ಟಿನ ತಟ್ಟೆ ಹಿಡಿದು ಟಿವಿಯ ಮುಂದೆ ನನ್ನ ಪಕ್ಕದಲ್ಲಿ ಕೂತವರು, ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಗಾಬರಿಯಾದರು.

“ಇಡೀ ಆಯುಷ್ಯ ಒಂದೇ ಕ್ಲಬ್ಬಿನಲ್ಲಿ ಕಳೆದ ಮಹಾನುಭಾವ, ಅತ್ತೆ,” ಎಂದೆ.

ಅವರ ಮುಖ ಗಂಭೀರವಾಯಿತು. “ನಿಮ್ಮ ಮಾವನೂ ಹಂಗ ಇದ್ರು. ಸಂಜೀಕ ಕ್ಲಬ್ಬಿಗೆ ಹೋದ್ರ ಇಸ್ಪೀಟು ಮುಗಿಯೂತನಕ ಮನಿ ನೆನಪಿಲ್ಲ. ಪಾಪ, ಇವನ ಹೇಣ್ತಿ ಹೆಂಗ ತಡಕೊಂಡ್ಲೋ!”

ನಾನು ವಿವರಿಸಲು ಹೋಗಲಿಲ್ಲ. ಪಂದ್ಯ ಮುಗಿದು ಆ ಹೇಣ್ತಿ ಮಕ್ಕಳನ್ನು ಕರೆದುಕೊಂಡು ಮೈದಾನಕ್ಕೆ ಬಂದಾಗ ನನಗಿಂತ ಹೆಚ್ಚು ಅತ್ತವರು ಅತ್ತೆಯವರೇ.

ಇಲ್ಲೊಂದು ಸಂಗತಿ ಹೇಳಬೇಕು. ಮೂರು ಗಂಟೆ ದಾರಿಯ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನಿಂದ ನನಗೊಂದು ದೊಡ್ಡ ಕೆಲಸದ ಕರೆ ಬಂದಿತ್ತು. ಮರುದಿನವೇ ಉತ್ತರ ಕೊಡಬೇಕಿತ್ತು, ನಾನು ಮನಸ್ಸಿನಲ್ಲೇ ಹೂಂ ಅಂದಾಗಿತ್ತು. ನನ್ನ ವೀಸಾದ ಬಾಲ ಹಿಡಿದು ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದ ನನ್ನ ಹೆಂಡತಿ ಸುಧಾಳಿಗೆ ಕೊನೆಗೂ ಕೆಲಸದ ಪರವಾನಗಿ ಸಿಕ್ಕಿ, ಪಕ್ಕದೂರು ಕ್ಯಾರಲ್ಟನ್ನಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡಲು ಶುರುಮಾಡಿ ಒಂದು ವರ್ಷವೂ ಆಗಿರಲಿಲ್ಲ. ಅವಳಿಗೆ ಸುದ್ದಿ ಹೇಳಿದ್ದೆ, ಅಷ್ಟೇ. ಅವಳೂ ಶಿಫ್ಟ್ ಆಗುತ್ತಾಳೆಂದೇ ನಾನು ಅಂದುಕೊಂಡಿದ್ದೆ, ಸೋಫಾ ಶಿಫ್ಟ್ ಆಗುವ ಹಾಗೆ.

“ನೋಡು ಸುಧಾ, ಎಂಥೆಂಥ ಕ್ಲಬ್ಬುಗಳು ಕರೆದರೂ ಹೋಗಲಿಲ್ಲ,” ಎಂದೆ ಗದ್ಗದಿತನಾಗಿ.

ಅವಳು ನನ್ನ ಖಾಲಿ ತಟ್ಟೆ ಎತ್ತಿಕೊಂಡಳು. “ಕರದಾಗೊಮ್ಮೆ ಅಂವಾ ಹೇಣ್ತೀನ ಕೇಳಿರಬೇಕ್ರೀ. ನೀವು ಕೇಳಲಿಲ್ಲ. ನಾ ಈ ಕೆಲಸ ಬಿಡೂದಿಲ್ಲ. ನೀವು ಹೋಗ್ರಿ, ಶನಿವಾರ ಡ್ರೈವ್ ಮಾಡ್ಕೊಂಡು ಬರ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು. ನಾಚಿಕೆಯೂ ಆಯಿತು. ಎಂದೂ ಎದುರಿಗೆ ಕಂಡಿರದ ಒಬ್ಬನಿಗಾಗಿ ಬೆಳಗಿನಿಂದ ಅಳುತ್ತಿದ್ದೆ, ಮನೆಯಲ್ಲಿರುವವಳ ಕಡೆ ತಿರುಗಿ ನೋಡಿರಲಿಲ್ಲ.

ಸೋಮವಾರ ಸೀಡರ್ ಪಾರ್ಕಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಸುದ್ದಿ ಹೇಗೋ ನಮ್ಮ ಮ್ಯಾನೇಜರರ ಕಿವಿಗೂ ಬಿತ್ತು. ಅವರು ಮೀಟಿಂಗಿನಲ್ಲಿ ಎದ್ದು ನಿಂತು, ಇಂಥ ನಿಷ್ಠಾವಂತರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಧಾ ಆ ಹೊತ್ತಿಗೆ ಕ್ಯಾರಲ್ಟನ್ನಿನಲ್ಲಿ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ನಾನು ಎದ್ದು, ಎದೆಯ ಮೇಲೆ ಕೈಯಿಟ್ಟು, ಆ ಚಪ್ಪಾಳೆಯನ್ನಷ್ಟೂ ಒಬ್ಬನೇ ತೆಗೆದುಕೊಂಡೆ.