ಬದಲಿ ಹೆಸರು ಸೂಚಿಸಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಇಮೇಲ್ ಬಂದದ್ದು ಮಂಗಳವಾರವೋ ಬುಧವಾರವೋ, ಓದುವಾಗ ನಾನು ರೈಲಿನಲ್ಲಿ ಕೂತಿದ್ದೆನೋ ನಿಂತಿದ್ದೆನೋ, ಈಗ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಬರೆಯುವುದು ಎರಡು ದಿನ ತಡವಾಗಿ. ಅಷ್ಟರಲ್ಲಿ ನೆನಪು ನನ್ನ ಪರವಾಗಿ ವಕಾಲತ್ತು ಹಾಕಿ ಮುಗಿಸಿರುತ್ತದೆ. ಆ ಇಮೇಲಿಗೆ ನಾನು ಕೊಟ್ಟ ಉತ್ತರ ಮಾತ್ರ ಒಂದಕ್ಷರವೂ ಅಳಿಯದೆ ಕಂಪ್ಯೂಟರಿನಲ್ಲಿ ಕೂತಿದೆ. ತೊಂದರೆ ಅದೇ.

ನಾನು ಫ್ರಾಂಕ್‌ಫರ್ಟಿನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್. ಅದರ ಜೊತೆಗೆ ಮೂತ್ರಪಿಂಡದ ಕಾಯಿಲೆಗಳ ಕುರಿತ ಒಂದು ವೈದ್ಯಕೀಯ ಪತ್ರಿಕೆಗೆ ಎಂಟು ವರ್ಷದಿಂದ ಸಹ ಸಂಪಾದಕಿ. ಬಂದ ಲೇಖನಗಳನ್ನು ತಜ್ಞರಿಗೆ ಕಳಿಸಿ ಅಭಿಪ್ರಾಯ ತರಿಸುವುದು ನನ್ನ ಕೆಲಸ. ತಜ್ಞರಿಗೆ ಪುರುಸೊತ್ತಿರುವುದಿಲ್ಲ. ಆಗಲ್ಲ ಎಂದು ಒತ್ತಿದರೆ ಪರದೆಯ ಮೇಲೆ ಒಂದು ಚೌಕ ತೆರೆಯುತ್ತದೆ: ದಯವಿಟ್ಟು ಬದಲಿ ಹೆಸರು ಸೂಚಿಸಿ. ನನಗೂ ಬೇರೆ ಪತ್ರಿಕೆಗಳಿಂದ ಇಂಥ ಕೋರಿಕೆಗಳು ಬರುತ್ತಲೇ ಇರುತ್ತವೆ. ಆ ಚೌಕ ತುಂಬಿ ತುಂಬಿ ನನ್ನ ಕೈಗೆ ಎಂಥ ರೂಢಿಯಾಗಿದೆಯೆಂದರೆ, ಯಾರಾದರೂ ಮನೆಗೆ ಊಟಕ್ಕೆ ಕರೆದರೂ ಬರಲಾಗುವುದಿಲ್ಲ ಎಂದು ಹೇಳಿ ಇನ್ನೊಬ್ಬರ ಹೆಸರು ಕೊಟ್ಟುಬಿಡುತ್ತೇನೇನೋ ಎಂಬ ಭಯ.

ಆ ಇಮೇಲ್ ಬರೆದವರು ಪತ್ರಿಕೆಯ ಪ್ರಕಾಶನ ಕಚೇರಿಯ ಫ್ರೌ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್. ಪ್ರಧಾನ ಸಂಪಾದಕರು ನಿವೃತ್ತರಾಗುತ್ತಿದ್ದಾರೆ, ಆ ಸ್ಥಾನಕ್ಕೆ ನೀವು ಬರುವಿರಾ, ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ತಿಳಿಸಿ ಎಂದು ಬರೆದಿದ್ದರು. ನಾನು ನಾಲ್ಕೇ ನಿಮಿಷದಲ್ಲಿ ಉತ್ತರ ಕಳಿಸಿದೆ. ಧನ್ಯವಾದ, ಸದ್ಯ ಕೆಲಸದ ಒತ್ತಡವಿದೆ, ಈ ಕೆಳಗಿನ ಮೂವರು ಯೋಗ್ಯರು. ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಪ್ಯಾರಾ ಹೊಗಳಿಕೆ. ಮೂವರೂ ಗಂಡಸರು. ಅವರಲ್ಲಿ ಒಬ್ಬರು ಇಷ್ಟು ವರ್ಷದಲ್ಲಿ ಒಂದೇ ಒಂದು ಅಭಿಪ್ರಾಯವನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟವರಲ್ಲ. ಅವರನ್ನು ‘ಆಳವಾಗಿ ಯೋಚಿಸುವವರು’ ಎಂದು ಬರೆದಿದ್ದೆ.

ಮರುದಿನ ಫ್ರೌ ಕೆಲ್ಲರ್ ಫೋನ್ ಮಾಡಿದರು. “ನೀವು ಕೊಟ್ಟ ಮೂವರ ಪಟ್ಟಿ ಚೆನ್ನಾಗಿದೆ. ಆದರೆ ನಾವು ಪಟ್ಟಿ ಕೇಳಿರಲಿಲ್ಲ. ಶುಕ್ರವಾರದವರೆಗೆ ನಿಮ್ಮ ಉತ್ತರ ಬಂದಿಲ್ಲ ಎಂದೇ ಇಟ್ಟುಕೊಂಡಿರುತ್ತೇನೆ.”

ಫೋನಿಟ್ಟವಳೇ ನಾನು ಕಳಿಸಿದ್ದ ಉತ್ತರವನ್ನು ಮತ್ತೆ ತೆರೆದು ಓದಿದೆ. ನೆನಪಿಡಿ, ಹಿಂದಿನ ವರ್ಷ ನಮ್ಮ ಪತ್ರಿಕೆಯಲ್ಲೇ ‘ವೈದ್ಯಕೀಯ ಪತ್ರಿಕೆಗಳ ಚುಕ್ಕಾಣಿ ಮಹಿಳೆಯರ ಕೈಗೆ ಏಕೆ ಬರುತ್ತಿಲ್ಲ’ ಎಂಬ ಸಂಪಾದಕೀಯ ಬಂದಿತ್ತು. ಬರೆದವರು ಪ್ರಧಾನ ಸಂಪಾದಕರು. ಆಧಾರಗಳನ್ನು ಹುಡುಕಿದ್ದು, ಕರಡು ತಯಾರಿಸಿದ್ದು, ಎರಡು ಸಲ ತಿದ್ದಿದ್ದು ನಾನು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ನನಗೊಂದು ಕೃತಜ್ಞತೆಯೂ ಇತ್ತು. ಅದನ್ನು ನೋಡಿ ನನಗೆ ಖುಷಿಯಾಗಿತ್ತು ಎನ್ನುವುದನ್ನು ದಿನಚರಿಯಲ್ಲಿ ಬರೆದಿಲ್ಲ. ಆದರೂ ನೆನಪಿದೆ.

ಫ್ರಾಂಕ್‌ಫರ್ಟಿನ ಪಕ್ಕದ, ನಾವಿರುವ ಎಷ್‌ಬಾರ್ನಿನಲ್ಲೇ ಐಟಿ ಕಂಪನಿಯೊಂದರಲ್ಲಿರುವ ನನ್ನ ಗಂಡ ರಘುವಿಗೆ, “ಮೇಲ್ ನನಗೆ ಸರಿಯಾಗಿ ಅರ್ಥ ಆಗಿರ್ಲಿಲ್ಲ ರೀ” ಎಂದೆ.

“ನಾಲ್ಕು ಸಾಲಿನ ಮೇಲು. ನೀನು ನಮ್ಮ ಮನೆ ಬಾಡಿಗೆ ಕಾಂಟ್ರಾಕ್ಟ್‌ನ ಜರ್ಮನ್‌ನಲ್ಲೇ ತಪ್ಪು ಹುಡುಕ್ತೀಯ.”

“ಹೆಂಗಸು ಬೇಕು ಅಂತ ಮಾತ್ರ ನನ್ನ ಕರೀತಿದ್ರೆ?”

“ಇಷ್ಟು ದಿನ ಗಂಡಸು ಅಂತ ಕರೆದಾಗ ಯಾರಾದ್ರೂ ಹೀಗೆ ನಿದ್ದೆ ಬಿಟ್ಟಿದ್ರಾ?” ಎಂದು ಪಾತ್ರೆ ತೊಳೆಯಲು ಹೋದ. ತಪ್ಪಲೆಯ ತಳ ಸರಿಯಾಗಿ ಉಜ್ಜುತ್ತಿಲ್ಲ ಎಂದು ನಾನು ಅದನ್ನು ಕಸಿದುಕೊಂಡೆ. ಈ ಕೆಲಸಕ್ಕೆ ಮಾತ್ರ ನನಗೆ ಬದಲಿ ಹೆಸರು ಹೊಳೆಯುವುದಿಲ್ಲ.

ಶುಕ್ರವಾರ ರಜೆ ಹಾಕಿ, ಬೆಳಿಗ್ಗೆ ಮೈಸೂರಿಗೆ, ನನ್ನ ಸೋದರತ್ತೆ ವಿಶಾಲಾಕ್ಷಿಗೆ ಫೋನ್ ಮಾಡಿದೆ. ಅತ್ತೆ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸಿದವರು. ವೈದ್ಯರ ಸಂಘವೊಂದರ ತ್ರೈಮಾಸಿಕವನ್ನು ಬಹಳ ವರ್ಷ ಹೊರತಂದವರು. ಅವರ ಮನೆಯ ನೆಲದ ಮೇಲೆ ಕರಡಚ್ಚಿನ ಹಾಳೆಗಳು ಹರಡಿರುತ್ತಿದ್ದವು, ಚಿಕ್ಕವಳಾಗಿದ್ದ ನಾನು ತುಳಿದು ಬೈಸಿಕೊಳ್ಳುತ್ತಿದ್ದೆ. ಮುಖಪುಟದ ಮೇಲೆ ಸಂಪಾದಕರೆಂದು ಇರುತ್ತಿದ್ದುದು ಬೇರೊಬ್ಬ ಡಾಕ್ಟರರ ಹೆಸರು. ‘ಅತ್ತೆಗೆ ಕುರ್ಚಿಯ ಆಸೆ ಇರಲಿಲ್ಲ, ಅವರೇ ಬೇಡ ಅಂದರು’ ಎಂಬುದು ನಮ್ಮ ಮನೆತನದ ಹೆಮ್ಮೆ. ಇಲ್ಲಿನ ಗೆಳತಿಯರಿಗೂ ಎಷ್ಟೋ ಸಲ ಹೇಳಿದ್ದೇನೆ.

ಎಲ್ಲ ಕೇಳಿದ ಅತ್ತೆ, “ಒಪ್ಕೊಳೇ ವೀಣಾ. ಕೆಲಸ ಹೇಗೂ ನೀನೇ ಮಾಡ್ತಿದೀಯಲ್ಲ” ಎಂದರು.

“ನೀವು ಬೇಡ ಅಂದಿದ್ರಲ್ಲ ಅತ್ತೆ?”

“ಯಾರು ಹೇಳಿದ್ದು?”

ಯಾರು ಹೇಳಿದ್ದು? ಅಪ್ಪನೇ? ಅಜ್ಜಿಯೇ? ಎಷ್ಟು ಕೆದಕಿದರೂ ಅತ್ತೆಯ ಬಾಯಲ್ಲಿ ಆ ಮಾತು ಕೇಳಿದ ನೆನಪು ಸಿಗಲಿಲ್ಲ. ಕತೆ ಹೇಳುತ್ತಿರುವ ನನ್ನದೇ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

“ಮೊದಲು ನಿನ್ನ ಉತ್ತರ ಕಳಿಸು, ಆಮೇಲೆ ಹರಟೆ” ಎಂದು ಅತ್ತೆ ಫೋನಿಟ್ಟರು.

ಒಪ್ಪಿದ್ದೇನೆ ಎಂದು ಬರೆಯಲು ಒಂದು ಸಾಲು ಸಾಕಿತ್ತು. ನಾನು ಅದಕ್ಕೆ ಒಂಬತ್ತು ಸಾಲು ಕ್ಷಮೆ ಸೇರಿಸಿದೆ. ಓದಿ ನೋಡಲು ಕಳಿಸಿದಾಗ ರಘು ಕಚೇರಿಯಿಂದ ಮೆಸೇಜ್ ಮಾಡಿ ಬೈದ ಮೇಲೆ ಎಂಟು ಸಾಲು ಅಳಿಸಿದೆ. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಕಳಿಸಿದೆ. ಅಷ್ಟು ನಿಖರವಾಗಿ ಹೇಗೆ ಗೊತ್ತೆಂದರೆ, ಆಮೇಲೆ ಆರು ಸಲ ತೆರೆದು ನೋಡಿದ್ದೇನೆ. ಕಳಿಸಿದ ಕೂಡಲೇ ಅತ್ತೆಗೆ ಮತ್ತೆ ಫೋನ್ ಮಾಡಿದೆ. ಭೇಷ್ ಎಂದರು, ಸಿಹಿ ಏನು ಮಾಡ್ತೀಯ ಎಂದರು, ಅಲ್ಲಿ ಬಿಸಿಲು ಬಂತಾ ಎಂದರು. ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ ಕೇಳಿದೆ:

“ಅತ್ತೆ, ನೀವೇ ಬೇಡ ಅಂದ್ರಿ ಅಂತ ಊರೆಲ್ಲ ಹೇಳ್ಕೊಂಡು ಬಂದಿದೀನಿ. ಸಂಪಾದಕರಾಗ್ತೀರಾ ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?”