ಪರದೆಗೆ ಮಾತು ಕೊಡುವ ಬಲ್ಬು

ಬಲ್ಬಿನ ಅಂಗಡಿ ಇಟ್ಟವನ ಹತ್ತಿರ ನಗುವಂಥ ಪ್ರಸಂಗಗಳು ತಾವಾಗಿಯೇ ಮೆಟ್ಟಿಲು ಹತ್ತಿ ಬರುತ್ತವೆ. ಮಂಡಿ ಮೊಹಲ್ಲಾದ ನನ್ನ ಅಂಗಡಿಗೆ ತೊಂಬತ್ತರ ದಶಕದ ಕೊನೆಯಿಂದ ಹಾಗೆ ಬಂದವುಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಬಲ್ಬನ್ನು ಹಿಂಬಾಲಿಸಿ ಬಂದವು. ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಈಗ ನೆನೆಸಿಕೊಂಡರೆ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಹಳೆಯ ಸಿನಿಮಾ ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸುವ ದೊಡ್ಡ ದೀಪ ಬೇರೆ, ಸೌಂಡ್ ಬಲ್ಬು ಬೇರೆ. ಹೆಬ್ಬೆರಳಿನಷ್ಟಿರುವ ಈ ಬಲ್ಬಿನ ಬೆಳಕು ಫಿಲ್ಮಿನ ಅಂಚಿನಲ್ಲಿರುವ ಸೌಂಡಿನ ಪಟ್ಟಿಯನ್ನು ಹಾದುಹೋದರೇ ಪರದೆಯ ಮೇಲಿನವರಿಗೆ ಮಾತು ಬರುವುದು. ಅದು ಹೋದರೆ ಎಂಥ ದೊಡ್ಡ ಹೀರೋ ಆದರೂ ಬರೀ ಬಾಯಿ ಆಡಿಸಬೇಕು.

ಊರಿನ ದೊಡ್ಡ ಥಿಯೇಟರುಗಳು ಹೊಸ ಸೌಂಡ್ ಹಾಕಿಸಿಕೊಂಡವು. ನಮ್ಮ ಅಂಗಡಿಗೆ ಹತ್ತಿರದ ಒಂದು ಹಳೇ ಥಿಯೇಟರಿನ ಮಾಲೀಕರು ಮಾತ್ರ, "ಹೊಸದೆಲ್ಲ ನನ್ ಕೈಲಾಗಲ್ಲ ಕಣ್ರೀ. ಈ ಬಲ್ಬ್ ಸಿಗೋ ತನಕ ಥಿಯೇಟ್ರು, ಸಿಗದಿದ್ ದಿನ ಬೀಗ" ಎಂದುಬಿಟ್ಟರು. ಆ ಬಲ್ಬು ತಯಾರಿಸುವವರೇ ಕಡಿಮೆಯಾಗಿದ್ದ ಕಾಲ ಅದು. ಮದುವೆಯಾದಾಗಿನಿಂದ ಆ ಥಿಯೇಟರಿನ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲೇ ದುಡಿದಿದ್ದ ಆಪರೇಟರ್ ಗಾಬರಿಯಾದರು. ಹಣೆ ತುಂಬ ವಿಭೂತಿ ಇಡುತ್ತಿದ್ದ ಆ ಮನುಷ್ಯ ನನ್ನ ಹಳೇ ಗಿರಾಕಿ. ಅವರು ಬಲ್ಬ್ ಬೇಟೆಗೆ ಇಳಿದರು, ಅವರ ಹಿಂದೆ ನಾನೂ ಇಳಿದೆ.

೧. ಆಯುಧಪೂಜೆ

ಮುಚ್ಚಿದ ಥಿಯೇಟರುಗಳ ಗುಜರಿಯಿಂದ ತಂದ ಬಲ್ಬುಗಳನ್ನು ಆಪರೇಟರ್ ಒಂದು ಬಿಸ್ಕತ್ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಒಂದೊಂದು ಕಂಪನಿಯ ಪ್ರೊಜೆಕ್ಟರಿಗೆ ಒಂದೊಂದು ವೋಲ್ಟಿನದು. ಎಷ್ಟು ವೋಲ್ಟ್ ಎಂಬುದನ್ನು ಬಲ್ಬಿನ ಹಿತ್ತಾಳೆ ಕೊರಳಪಟ್ಟಿಯ ಮೇಲೆ ಮಸಿಯಲ್ಲಿ ಸಣ್ಣಗೆ ಅಚ್ಚು ಹಾಕಿರುತ್ತಾರೆ. ದಸರಾ ಬಂತು. ಆಯುಧಪೂಜೆಯ ದಿನ ಇವರು ಅಷ್ಟೂ ಬಲ್ಬುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವರ ಮನೆಯ ದೀಪದ ಹಾಗೆ ಫಳಫಳ ಮಾಡಿ, ಗಾಜಿನ ಮೇಲೆ ವಿಭೂತಿ ಬಳಿದು ಪೂಜೆಗಿಟ್ಟರು. ಹಬ್ಬ ಮುಗಿದ ಮೇಲೆ ನೋಡಿದರೆ ಒಂದರ ಮೇಲೂ ವೋಲ್ಟಿನ ಗುರುತಿಲ್ಲ.

ಗುರುತು ಹಿಡಿಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೊದಲು ಭೂತಗನ್ನಡಿಯಲ್ಲಿ ಒಳಗಿನ ತಂತಿ ನೋಡಬೇಕು. ನಮ್ಮ ಬಲ್ಬಿನಲ್ಲಿ ಅದು ಪುಟ್ಟ ಸ್ಪ್ರಿಂಗಿನ ಹಾಗೆ ಅಡ್ಡ ಮಲಗಿರುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್ ತಿರುಗಿಸಿ ವೋಲ್ಟನ್ನು ಮೆಲ್ಲಗೆ ಏರಿಸಬೇಕು. ತಂತಿ ಕೆಂಪಾಗಿ, ಹಳದಿಯಾಗಿ, ಬೆಳ್ಳಗಾದ ಕೂಡಲೇ ಕೈ ತೆಗೆಯಬೇಕು. ಸ್ವಲ್ಪ ಮುಂದೆ ಹೋದರೆ ಬಲ್ಬೂ ಇಲ್ಲ, ಗುರುತೂ ಇಲ್ಲ. ಹಾಗೆ ಒಂದೆರಡು ಒಳ್ಳೆಯ ಬಲ್ಬುಗಳು ನಮ್ಮ ಕಣ್ಣೆದುರೇ ಟಪ್ ಎಂದವು. ನನಗೆ ರೇಗಿಹೋಯಿತು.

"ಅಲ್ಲಾ ಸ್ವಾಮಿ, ತಿಕ್ಕುವಾಗ ಅಕ್ಷರ ಅಳಿಸಿ ಹೋಗ್ತಿರೋದು ಕಾಣ್ಲಿಲ್ವಾ ನಿಮಗೆ?"

"ಎಂಗೆ ಕಾಣ್ತದೆ ಸಾರ್? ಕನ್ನಡಕಾನೂ ಪೂಜೆಗಿಟ್ಬುಟ್ಟಿದ್ದೆ."

೨. ಹೂವಿನ ಅಪ್ಪಣೆ

ಹಿನಕಲ್ಲಿನ ಒಬ್ಬ ಅಜ್ಜಿಯ ಮನೆಯಲ್ಲಿ ಅಂಥದೊಂದು ಬಲ್ಬಿದೆ ಎಂದು ಯಾರೋ ಹೇಳಿದರು. ಆಕೆಯ ಯಜಮಾನರು ಹಿಂದೆ ಟೂರಿಂಗ್ ಟಾಕೀಸ್ ನಡೆಸಿದ್ದರಂತೆ. ನಾವಿಬ್ಬರೂ ಸ್ಕೂಟರಿನಲ್ಲಿ ಹೋದೆವು. ಬಲ್ಬು ದೇವರ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಊದುಬತ್ತಿ ಹೊಗೆ ಕೂತು ಗಾಜೆಲ್ಲ ಕಪ್ಪಾಗಿದ್ದರಿಂದ ಒಳಗೇನೂ ಕಾಣುತ್ತಿರಲಿಲ್ಲ. ಕೊರಳಪಟ್ಟಿಯ ಕಚ್ಚುಗಳನ್ನು ನೋಡಿಯೇ ಆಪರೇಟರ್ ನನ್ನ ತೊಡೆ ಚಿವುಟಿದರು. ನಮಗೆ ಬೇಕಾದದ್ದೇ.

"ನಮ್ಮನೆಯೋರು ಕೊನೇ ಆಟಕ್ಕೆ ಹಾಕಿದ್ದು ಕಣಪ್ಪ. ನಾನು ಕೊಡಕ್ಕಾಗಲ್ಲ, ದೇವ್ರನ್ನ ಕೇಳ್ತೀನಿ" ಎಂದ ಅಜ್ಜಿ, ದೇವರ ಫೋಟೋದ ಮೇಲೆ ಒಂದು ಹೂ ಅಂಟಿಸಿ ಕೈ ಮುಗಿದು ಕೂತರು. ಬಲಕ್ಕೆ ಬಿದ್ದರೆ ಕೊಡುವುದು, ಎಡಕ್ಕೆ ಬಿದ್ದರೆ ಇಲ್ಲ. ಹೂ ಅಲ್ಲಾಡಲೇ ಇಲ್ಲ. ಕಾಲು ಜೋಮು ಹಿಡಿಯಿತು.

ಆಪರೇಟರ್ ಮೆಲ್ಲಗೆ ಎದ್ದು, "ಅಜ್ಜಿ, ಸೆಕೆ ಆಯ್ತದೆ, ಫ್ಯಾನ್ ಹಾಕ್ಲಾ?" ಎಂದರು.

"ದೇವ್ರಿಗೆ ಏನೂ ಸೆಕೆ ಇಲ್ಲ, ಕೂತ್ಕೊಳಪ್ಪ."

ಕೊನೆಗೆ ಹೂ ಬಲಕ್ಕೇ ಬಿತ್ತು. ಆಪರೇಟರ್ ಕಣ್ಣಲ್ಲಿ ನೀರು. ಅಂಗಡಿಗೆ ತಂದು ಹತ್ತಿಯಲ್ಲಿ ಒರೆಸಿ ನೋಡಿದರೆ ಒಳಗಿನ ತಂತಿ ಯಾವ ಕಾಲದಲ್ಲೋ ಹರಿದುಹೋಗಿತ್ತು. ಆ ಅಜ್ಜಿ ಅಷ್ಟು ಕಾಲ ಪೂಜಿಸಿದ್ದು ಸುಟ್ಟ ಬಲ್ಬು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆದರೂ ವಾಪಸು ಕೊಡಬೇಕಲ್ಲ. ತೆಗೆದುಕೊಂಡು ಹೋಗಿ, "ಅಜ್ಜಿ, ಇದು ಕೆಟ್ಟೋಗಿದೆ" ಎಂದೆ.

ಅಜ್ಜಿ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. "ಮತ್ತೆ? ಚೆನ್ನಾಗಿದ್ದಿದ್ರೆ ದೇವ್ರು ಬಲಗಡೆ ಕೊಡ್ತಿದ್ನಾ?"

೩. ನೆಗಡಿ

ಒಮ್ಮೆ ನಮ್ಮ ಬಲ್ಬು ಒಂದೂ ಇರಲಿಲ್ಲ. ಅದೇ ವೋಲ್ಟಿನ ಮೈಕ್ರೋಸ್ಕೋಪ್ ಬಲ್ಬನ್ನು ಹೇಗೋ ಕಟ್ಟಿ ಕೂರಿಸಿದೆವು. ಅದರ ತಂತಿ ಅಡ್ಡ ಮಲಗುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಸೌಂಡೇನೋ ಬಂತು. ಆದರೆ ಹೀರೋ, ಹೀರೋಯಿನ್, ವಿಲನ್ ಎಲ್ಲರೂ ಮೂಗು ಕಟ್ಟಿದವರ ಹಾಗೆ ಮಾತಾಡಿದರು. ಇಂಟರ್ವಲ್ಲಿನಲ್ಲಿ ಒಬ್ಬ ಹೆಂಗಸು ಗೇಟಿನವನನ್ನು ತಡೆದು ಕೇಳಿದಳು: "ಇದ್ಯಾಕಣ್ಣ ಎಲ್ರೂ ಇಂಗ್ ಮಾತಾಡ್ತಾವ್ರೆ?"

"ಮಳೆ ಹಾಡಲ್ಲಿ ಅಷ್ಟೊತ್ತು ನೆಂದವ್ರೆ ಕಣಮ್ಮ. ನೆಗಡಿ ಆಗ್ದೆ ಇರ್ತದಾ?"

ಆಕೆ ಹೌದಲ್ಲ ಎಂದು ಹೋಗಿ ಪೂರ್ತಿ ಸಿನಿಮಾ ನೋಡಿದಳು.

೪. ತುಂಬಿದ ಪೆಟ್ಟಿಗೆ

ಹೊಸ ಶತಮಾನ ಬಂದು ಕೆಲವು ವರ್ಷವಾಗಿತ್ತು. ಹುಣಸೂರು ಕಡೆಯ ಗುಜರಿಯವನೊಬ್ಬನ ಹತ್ತಿರ ನಮಗೆ ಬೇಕಾದ ಬಲ್ಬುಗಳದೇ ಒಂದು ಪೆಟ್ಟಿಗೆ ಸಿಕ್ಕಿತು. ಸೀಲ್ ಒಡೆದಿರಲಿಲ್ಲ, ಅಚ್ಚು ಮಾಸಿರಲಿಲ್ಲ. ಆಪರೇಟರ್ ಅದನ್ನು ಮೊಮ್ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ನೇರವಾಗಿ ಮಾಲೀಕರ ಮನೆಗೆ ಹೋದೆವು.

"ಸಾರ್, ಇನ್ನು ಯೋಚ್ನೆ ಇಲ್ಲ. ನನ್ ಕಾಲ ಮುಗಿದ್ರೂ ಈ ಬಲ್ಬ್ ಮುಗಿಯಲ್ಲ."

ಮಾಲೀಕರು ಪೆಟ್ಟಿಗೆಯನ್ನೇ ನೋಡುತ್ತ ಕುರ್ಚಿಗೆ ಒರಗಿದರು. ಮುಖದಲ್ಲಿ ರಕ್ತವಿರಲಿಲ್ಲ. "ಇದನ್ನ ಯಾರ್ರೀ ಹುಡುಕಿ ಅಂದಿದ್ದು ನಿಮಗೆ?" ಎಂದರು.

ಆಮೇಲೆ ಎಲ್ಲ ಹೇಳಿಕೊಂಡರು. ಮಿಷನ್ ಮಾತಾಡುತ್ತಿರುವ ತನಕ ಥಿಯೇಟರಿಗೆ ಬೀಗ ಹಾಕುವುದಿಲ್ಲ ಎಂದು ತೀರಿಕೊಂಡ ತಾಯಿಗೆ ಅವರು ಆಣೆ ಮಾಡಿದ್ದರು. ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಿ ತೋರಿಸಿ ಸೋತುಹೋಗಿದ್ದರು. ಆಣೆ ಮುರಿಯುವ ಧೈರ್ಯವಿಲ್ಲ. ಬಲ್ಬು ತಾನಾಗಿ ಮುಗಿದುಹೋದರೆ ಪಾಪ ತಟ್ಟುವುದಿಲ್ಲ ಎಂದು ಕಾಯುತ್ತ ಕೂತಿದ್ದರು. "ಪ್ರತಿ ಮಂಗಳವಾರ ಬೆಟ್ಟ ಹತ್ತಿ ತಾಯಿ ಚಾಮುಂಡಿನ ಬೇಡ್ಕೋತಿದ್ದೆ. ಬೆಟ್ಟ ಇಳಿಯೋಷ್ಟರಲ್ಲಿ ನೀವಿಬ್ರೂ ಒಂದು ಬಲ್ಬ್ ಹಿಡ್ಕೊಂಡ್ ಬಂದ್ಬುಡ್ತಿದ್ರಿ."

ನಾನು ನಗಬಾರದ ಜಾಗದಲ್ಲಿ ನಕ್ಕುಬಿಟ್ಟೆ. ಆಪರೇಟರ್ ನಗಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು ಹೊರಟರು.

ಆ ಭಾನುವಾರ ಬೆಳಿಗ್ಗೆ ಅವರು ಅಂಗಡಿಗೆ ಬಂದು, ಪೆಟ್ಟಿಗೆಯನ್ನು ನನ್ನ ಕೈಚೀಲದೊಳಗಿಟ್ಟು, "ಇದು ನಿಮ್ಮತ್ರಾನೇ ಇರ್ಲಿ. ಮ್ಯಾಟ್ನಿಗೆ ಬನ್ನಿ" ಎಂದರು. ಯಾಕೆಂದು ನನಗೆ ಹೊಳೆಯಲಿಲ್ಲ. ಚೀಲ ಹಿಡಿದುಕೊಂಡೇ ಹೋಗಿ ಕ್ಯಾಬಿನ್ನಿನಲ್ಲಿ ಅವರ ಪಕ್ಕ ನಿಂತೆ. ಇಂಟರ್ವಲ್ ಆಗಿ ಸ್ವಲ್ಪ ಹೊತ್ತಿಗೆ ಸೌಂಡ್ ಬಲ್ಬು ಟಪ್ ಎಂದಿತು. ಹಾಲಿನಲ್ಲಿ ಕೂತಿದ್ದ ನಾಲ್ಕಾರು ಜನ ಶಿಳ್ಳೆ ಹಾಕಿದರು. ಮಾಲೀಕರು ಏದುಸಿರು ಬಿಡುತ್ತ ಮೇಲೆ ಬಂದರು.

"ಬಲ್ಬ್ ಹೋಯ್ತು ಸಾರ್" ಎಂದರು ಆಪರೇಟರ್, ಪ್ರೊಜೆಕ್ಟರಿನ ಮೇಲೆ ಕೈಯಿಟ್ಟುಕೊಂಡು. "ಬೇರೆ ಇಲ್ಲ."

ತನ್ನ ಇಡೀ ಬದುಕಿಗೆ ಆ ಮನುಷ್ಯ ತಾನೇ ಬೀಗ ಹಾಕಿಕೊಳ್ಳುತ್ತಿದ್ದಾನೆ ಎಂದು ಆಗ ನನಗೆ ತಿಳಿಯಿತು. ಪೆಟ್ಟಿಗೆಯನ್ನು ಕಣ್ಣಾರೆ ಕಂಡಿದ್ದ ಮಾಲೀಕರಿಗೆ, ಆಣೆ ಮುರಿಯದೆ ಬೀಗ ಹಾಕಲು ದಾರಿಯಾಯಿತೆಂದು ಖುಷಿಯಾಗಬೇಕಿತ್ತು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು, ಸಣ್ಣ ದನಿಯಲ್ಲಿ, "ಇಲ್ವೇ ಇಲ್ವಾ? ಇನ್ನೊಂದ್ಸಲ ಸರಿಯಾಗಿ ನೋಡ್ರೀ" ಎಂದರು.

ನಾನು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಚೀಲದೊಳಗೆ ಅಷ್ಟೂ ಬಲ್ಬುಗಳು ಗಲಗಲ ಎಂದವು.

ಮಾಲೀಕರು ಚೀಲ ನೋಡಿದರು, ನನ್ನ ಮುಖ ನೋಡಿದರು. "ಏನ್ರೀ ಅದು ಸೌಂಡು?"

ಆಪರೇಟರ್ ತಲೆ ಎತ್ತದೆ ಹೇಳಿದರು: "ಸೌಂಡ್ ಎಲ್ಲಿಂದ ಬತ್ತದೆ ಸಾರ್, ಬಲ್ಬೇ ಇಲ್ವಲ್ಲ."