ನಾನು ಮಾಂಸ ಬಿಟ್ಟದ್ದು ಸಾರಿನ ತಪ್ಪಲ್ಲ

ಈ ಕಥೆಯನ್ನು ನನಗೆ ಮೊದಲು ಹೇಳಿದವನು ಕನಕಗಿರಿ ಸಂತೆಯ ಒಬ್ಬ ಕುರಿ ವ್ಯಾಪಾರಿ. ವಿಚಿತ್ರವೆಂದರೆ ಕಥೆ ನನ್ನದೇ. ಐವತ್ತು ದಾಟಿದ ಮೇಲೆ ಮಾಂಸ ಬಿಟ್ಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಬಿಟ್ಟವನು ಸುಮ್ಮನಿದ್ದರೂ, ಯಾಕೆ ಬಿಟ್ಟನೆಂದು ಊರು ಸುಮ್ಮನಿರುವುದಿಲ್ಲ.

೧. ಸಂತೆಯಲ್ಲಿ

ನಾನು ಹೋದದ್ದು ಎಮ್ಮೆಗೆ ಹಗ್ಗ ತರಲು. ಬಿಸಿಲಿಗೆ ಬೇವಿನ ಗಿಡದ ನೆರಳು ಹಿಡಿದು ಕೂತಾಗ ಪಕ್ಕದಲ್ಲಿ ಈ ವ್ಯಾಪಾರಿ ತನ್ನ ಎರಡು ಕುರಿ ಹಿಡಿದುಕೊಂಡು ಕೂತಿದ್ದ.

"ವ್ಯಾಪಾರ ಹೆಂಗೈತಪಾ?" ಅಂದೆ.

"ಏನ್ ವ್ಯಾಪಾರ್ರಿ ಯಜಮಾನ್ರ! ಮಂದಿ ಮಾಂಸಾನ ಬಿಡಾಕ ಹತ್ಯಾರ. ಇಲ್ಲೇ ಬಾಜೂ ಹಳ್ಳ್ಯಾಗ ಒಬ್ಬ ಹಿರಿಯ ಅದಾನಂತ. ಹೆಂಡ್ತಿ ಮಾಡಿದ ಸಾರು ಬಾಯಿಗಿಟ್ಟವನ, ಇನ್ನ ಈ ಜನ್ಮಕ್ಕ ಬ್ಯಾಡ ಅಂತ ಗಂಗಾಳಕ್ಕ ಕೈಮುಗದು ಎದ್ದನಂತ. ಅವತ್ತಿಂದ ಬರೇ ಕಾಯಿಪಲ್ಲೆ."

ಹಳ್ಳಿ ಯಾವುದು ಎಂದು ಕೇಳಿದೆ. ನಮ್ಮದೇ. ಮನೆ ಎಲ್ಲಿ ಎಂದು ಕೇಳಿದೆ. ನೀರಿನ ಟಾಕಿಯ ಹಿಂದೆ, ಮುಂದೊಂದು ಕರಿ ಎಮ್ಮೆ ಕಟ್ಟಿರುತ್ತದೆ ಎಂದ.

"ತಮ್ಮಾ, ಆ ಹಿರಿಯ ನಾನ," ಅಂದೆ.

ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಹತ್ತಿರ ಸರಿದು ದನಿ ಇಳಿಸಿ ಕೇಳಿದ: "ಖರೇ ಹೇಳ್ರಿ, ಉಪ್ಪು ಹೆಚ್ಚಾಗಿತ್ತೋ, ಕುರಿ ಮುದಿ ಇತ್ತೋ?"

೨. ಮನೆಯಲ್ಲಿ

ನಗುತ್ತಾಳೆಂದು ಇದನ್ನು ಹೆಂಡತಿಗೆ ಹೇಳಿದೆ. ಅದು ನನ್ನ ತಪ್ಪು. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

ಅವಳ ಸಾರೆಂದರೆ ಸಾಮಾನ್ಯದ್ದಲ್ಲ. ಒಗ್ಗರಣೆ ಬಿದ್ದ ದಿನ ಓಣಿಯ ಹೆಂಗಸರು ಉಪ್ಪು ಕೇಳುವ ನೆವದಲ್ಲಿ ಬಟ್ಟಲು ಹಿಡಿದು ಬರುತ್ತಿದ್ದರು. ಅಂಥ ಸಾರಿಗೆ ಕೆಟ್ಟ ಹೆಸರು ಬಂದರೆ ಆಕೆ ತಡೆದುಕೊಂಡಾಳೇ?

"ಈ ಮಾತು ನನ್ನ ತವರುಮನಿಗೆ ಮುಟ್ಟೂದ್ರಾಗ ತಿದ್ದಿ ಬರ್ರಿ. ಅಲ್ಲೀತನ ನಿಮಗ ರೊಟ್ಟಿ, ಕೆಂಪು ಖಾರ. ಪಲ್ಲೆ ಕೇಳಬ್ಯಾಡ್ರಿ, ಮಜ್ಜಿಗಿ ಕೇಳಬ್ಯಾಡ್ರಿ."

ಅವಳ ತವರು ಹನುಮಸಾಗರ. ಅಷ್ಟು ದೂರ ಹೋಗಲು ಮಾತಿಗೆ ವಾರವಾದರೂ ಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಮರುದಿನ ಮುಂಜಾನೆಯೇ ಅವಳ ತಮ್ಮನ ಫೋನು ಬಂತು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಯಕ್ಕಾ, ಮಾವಗ ಏನ್ ತಿನಿಸಿದ್ಯವ್ವಾ? ನಮ್ಮವ್ವ ಇಲ್ಲಿ ಅಳಾಕ ಹತ್ಯಾಳ. ನಾ ಅಡಗಿ ಕಲಿಸಿ ಕಳಿಸಿದ್ದು ಸುಳ್ಳಾತು ಅಂತಾಳ."

ಹೆಂಡತಿ ಫೋನು ಇಟ್ಟಳು. ಅಂದು ಕೆಂಪು ಖಾರವೂ ಇರಲಿಲ್ಲ.

೩. ಟೇಲರ್ ಭಾಯಿಯ ಅಂಗಡಿಯಲ್ಲಿ

ನಮ್ಮ ಓಣಿಯ ಟೇಲರ್ ಭಾಯಿ ನನ್ನ ಶಾಲೆಯ ಗೆಳೆಯ. ನಾನು ಮಾಂಸ ಬಿಟ್ಟ ಮೇಲಿನ ಮೊದಲ ರಂಜಾನಿಗೆ ನನ್ನೊಬ್ಬನಿಗಾಗಿ ಹೊಸ ಪಾತ್ರೆ, ಹೊಸ ಸೌಟು ತಂದು ಬದನೆಕಾಯಿ ಮಾಡಿಸಿದ ಮನುಷ್ಯ. ಊರಿನ ಮಾತೆಲ್ಲ ಅವನ ಹೊಲಿಗೆ ಯಂತ್ರದ ಮುಂದೆಯೇ ಹಾದುಹೋಗಬೇಕು. ಅವನ ಮುಂದೆ ಕಷ್ಟ ತೋಡಿಕೊಂಡೆ.

"ಮಾಂಸ ಯಾಕ ಬಿಟ್ರಿ ಅಂತ ನನಗ ಹೇಳಬ್ಯಾಡ್ರಿ ಅಣ್ಣಾ, ಅದು ನಿಮ್ಮದು, ದೇವರದು. ಮಾತಿನ ರಿಪೇರಿ ನನಗ ಬಿಡ್ರಿ. ಹರದಿದ್ದ ಗುರ್ತ ಸಿಗಲಾರದಂಗ ಮಾಡ್ತೀನಿ."

ನಾಲ್ಕು ದಿನಕ್ಕೆ ನಮ್ಮ ಓಣಿಯ ಕಡೆಯ ಮನೆಯ ಅಜ್ಜಿ ಕೋಲೂರಿಕೊಂಡು ಬಂದು ನನ್ನ ಅಂಗೈಯಲ್ಲಿ ಅಜವಾನದ ಪೊಟ್ಟಣ ಇಟ್ಟಳು.

"ಹೆಂಡ್ತಿ ಸಾರು ರುಚಿ ಅಂತ ಮೂರು ಗಂಗಾಳ ಉಂಡ್ಯಂತಲ್ಲೋ ಮಗನ! ಗಂಗಾವತಿ ಡಾಕ್ಟ್ರು ಇನ್ನೊಂದು ತುಣುಕು ತಿಂದ್ರ ಉಳ್ಯಾಂಗಿಲ್ಲ ಅಂದ್ರಂತ. ವಯಸ್ಸಾದ ಮ್ಯಾಲೆ ಬಾಯಿ ಬಿಗಿ ಹಿಡೀಬೇಕಪಾ."

ನಾನು ಅಂಗಡಿಗೆ ಓಡಿದೆ. ಭಾಯಿ ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತಲೇ ಇಲ್ಲ.

"ಅಕ್ಕಾರ ಹೆಸರು ಉಳೀತೋ ಇಲ್ಲೋ? ನಿಮ್ಮ ಕಡಿಯಿಂದ ಒಂದೀಟು ಬಟ್ಟಿ ಕತ್ತರಿಸಬೇಕಾತ್ರಿ ಅಣ್ಣಾ."

ಅಂದು ಊಟಕ್ಕೆ ಮಜ್ಜಿಗೆ ಬಂತು. "ಈ ಕಥಿ ಛಲೋ ಐತಿ, ಇದ ಇರಲಿ," ಎಂದಳು ಹೆಂಡತಿ. ಆದರೆ ದಿನಾ ದೇವರ ಮುಂದೆ ನಿಲ್ಲುವ ನಾನು ಸುಳ್ಳಿನ ಮಜ್ಜಿಗೆ ಎಷ್ಟು ದಿನ ಕುಡಿಯಲಿ? ಹರಕೆಯ ಮಾತು ಬೀದಿಯಲ್ಲಿ ಆಡಬಾರದು ಎಂದು ಅಪ್ಪ ಹೇಳುತ್ತಿದ್ದ. ಅದಕ್ಕೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಈಗ ಹೇಳದೆ ಗತಿಯಿಲ್ಲ.

೪. ದುರುಗಮ್ಮನ ಕಟ್ಟೆಯಲ್ಲಿ

ಕೆಲವು ವರ್ಷದ ಹಿಂದೆ ನಮ್ಮ ಎಮ್ಮೆ ಈಯಲಾರದೆ ಒದ್ದಾಡಿತು. "ತಾಯಿ, ಎರಡೂ ಜೀವ ಉಳಿಸು, ಹುಂಜ ಕೊಡ್ತೀನಿ," ಎಂದು ಹೆಂಡತಿ ದುರುಗಮ್ಮನಿಗೆ ಹರಕೆ ಹೊತ್ತಳು. ಎರಡೂ ಉಳಿದವು. ಹರಕೆಗೆಂದು ಹುಂಜದ ಮರಿ ತಂದು ಹಿತ್ತಲಲ್ಲಿ ಬಿಟ್ಟೆವು.

ಜಳಕ ಮಾಡಿ ದೀಪ ಹಚ್ಚದೆ ನಾನು ಚಹಾ ಕುಡಿಯುವವನಲ್ಲ. ನಾನು ಹಿತ್ತಲ ಕಲ್ಲಿನ ಮೇಲೆ ಜಳಕಕ್ಕೆ ಕೂತರೆ ಆ ಹುಂಜವೂ ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ದೇವರಿಗೆ ಮೀಸಲಾದದ್ದು, ಮಡಿಯಾಗಿರಲಿ ಎಂದು ಕಡೆಯ ಚರಿಗೆ ನೀರು ಅದರ ತಲೆಗೆ ಹೊಯ್ಯುತ್ತಿದ್ದೆ. ಕಣ್ಣು ಮುಚ್ಚಿ ಹೊಯ್ಸಿಕೊಳ್ಳುತ್ತಿತ್ತು. ಇಡೀ ಬೇಸಿಗೆ ಹೀಗೇ ನಡೆಯಿತು.

ಹರಕೆಯ ದಿನ ಓಣಿಯವರೆಲ್ಲ ಕಟ್ಟೆಗೆ ಬಂದರು. ಹೆಂಡತಿ ಮಸಾಲೆ ಅರೆದಿಟ್ಟಿದ್ದಳು, ರೊಟ್ಟಿ ಬುಟ್ಟಿಯ ತುಂಬ. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ: ಅರಿಷಿಣ ನೀರು ಹಾಕಿದಾಗ ಹುಂಜ ಮೈ ಜಾಡಿಸಿದರೆ ತಾಯಿ ಅಪ್ಪಣೆ ಕೊಟ್ಟಳೆಂದು ಅರ್ಥ. ಜಾಡಿಸದೆ ಮುಟ್ಟುವಂತಿಲ್ಲ.

ಪೂಜಾರಿ ನೀರು ಚಿಮುಕಿಸಿದ. ಹುಂಜ ಕಣ್ಣು ಮುಚ್ಚಿತು. ಒಂದು ಚರಿಗೆ ಹೊಯ್ದ. ಕತ್ತು ಮುಂದೆ ಚಾಚಿತು. ಇನ್ನೊಂದು ಹೊಯ್ದ. ಕಂಕುಳೂ ತೊಳೆ ಎನ್ನುವಂತೆ ಒಂದು ರೆಕ್ಕೆ ಎತ್ತಿ ಕೊಟ್ಟಿತು.

"ಕೊಡಾನ ಸುರೀರಿ!" ಎಂದು ಹಸಿದವರೊಬ್ಬರು ಕೂಗಿದರು. ಕೊಡವೂ ಆಯಿತು. ಒಬ್ಬ ಅದರ ಕಿವಿಯಲ್ಲಿ ಊದಿದ. ಹುಂಜ ನನ್ನ ಕಡೆ ತಿರುಗಿ ನನ್ನ ಕಾಲಿಗೆ ಒರಗಿ ನಿಂತಿತು.

ಅಷ್ಟೇ ನೋಡಿ. ಆ ಒದ್ದೆ ಮೈಯೊಳಗೆ ಅದರ ಎದೆ ಡಬಡಬ ಬಡಿಯುವುದು ನನ್ನ ಮೊಣಕಾಲಿಗೆ ತಿಳಿಯಿತು. "ತಾಯಿ, ಇದನ್ನ ನನ್ನ ಕೂಡ ಮನಿಗೆ ಕಳಿಸು, ನಾ ಇನ್ನ ಮಾಂಸ ಮುಟ್ಟಾಂಗಿಲ್ಲ," ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಪೂಜಾರಿ ಚರಿಗೆ ಕೆಳಗಿಟ್ಟ. "ಇಷ್ಟು ವರ್ಷದಾಗ ಇಂಥಾ ಹುಂಜ ನಾ ಕಂಡಿಲ್ಲ. ತಾಯಿ ಒಲ್ಲೆ ಅಂತಾಳ. ಹೋಳಿಗಿ ಎಡಿ ಮಾಡ್ರಿ, ಇದನ್ನ ಕರಕೊಂಡು ಹೋಗ್ರಿ."

ಬಂದವರು ಒಣ ರೊಟ್ಟಿ ತಿಂದು ಎದ್ದರು. ಸಾರಿನ ಮೇಲೆ ಅಪವಾದ ಹುಟ್ಟಿಸಿದವರು ಅವತ್ತು ಸಾರು ಸಿಗದೆ ಹೋದವರೇ ಎಂದು ನನ್ನ ಗುಮಾನಿ.

ದಾರಿಯಲ್ಲಿ ಹೆಂಡತಿಗೆ ನನ್ನ ಮಾತು ಹೇಳಿದೆ. ಅವಳು ಸೆರಗಿನಿಂದ ಹುಂಜದ ತಲೆ ಒರೆಸಿದಳು. ಮನೆಗೆ ಬಂದು ಹಿತ್ತಲ ಬಿಸಿಲಿಗೆ ಅದನ್ನು ಇಳಿಸಿದೆ. ದಿನಾ ಜಳಕವಾದ ಮೇಲೆ ಬಿಸಿಲಿಗೆ ಹೋಗಿ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಜುಟ್ಟಿನಿಂದ ಬಾಲದವರೆಗೆ, ನನ್ನ ಧೋತರವೆಲ್ಲ ತೊಯ್ಯುವಂತೆ, ಪಟಪಟನೆ ಮೈ ಜಾಡಿಸಿತು!

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ಏನರ ಕಂಡ್ರೇನು?" ಎಂದಳು.

"ಇಲ್ಲ. ನೀ?"

"ನನ್ನ ಕಣ್ಣಾಗ ಒಲಿ ಹೊಗಿ ಹೋಗೈತಿ," ಎಂದು ಒಳಗೆ ಹೋದಳು. ಒಲೆ ಅವತ್ತು ಇನ್ನೂ ಹಚ್ಚಿರಲಿಲ್ಲ.

ಓದಿದವರು ದಯವಿಟ್ಟು ಇದನ್ನು ನಾಲ್ಕು ಮಂದಿಗೆ ಹೇಳಿ. ಹನುಮಸಾಗರದ ಕಡೆಯವರು ಸಿಕ್ಕರೆ ಮೊದಲು ಅವರಿಗೆ ಹೇಳಿ, ಸಾರಿನಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಗಟ್ಟಿಯಾಗಿ ಹೇಳಿ. ನನ್ನ ಮಜ್ಜಿಗೆ ಅದರ ಮೇಲೆ ನಿಂತಿದೆ. ತಾಯಿಗೆ ಎಲ್ಲ ಗೊತ್ತೇ ಇದೆ. ನಮ್ಮೂರ ಪೂಜಾರಿ ಸಿಕ್ಕರೆ ಮಾತ್ರ, ಹುಂಜ ಮನೆಗೆ ಬಂತು ಎನ್ನುವಲ್ಲಿಗೆ ಕಥೆ ನಿಲ್ಲಿಸಿಬಿಡಿ.